ಆಸ್ಟೆನಿಟಿಕ್ ತುಕ್ಕುರಹಿತ ಉಕ್ಕಿನ ಮೇಲೆ ನ್ಯೂಟ್ರಾನ್ ವಿಕಿರಣದ ಪರಿಣಾಮ

ಆಸ್ಟೆನಿಟಿಕ್ ತುಕ್ಕುರಹಿತ ಉಕ್ಕು ಪರಮಾಣು ರಿಯಾಕ್ಟರುಗಳ ಒಳಗಿನ ರಚನೆಗಳಿಗೆ ಹೇರಳವಾಗಿ ಬಳಕೆಯಾಗುವ ಮಿಶ್ರಲೋಹ. ರಿಯಾಕ್ಟರ್ ನಡೆಯುತ್ತಿರುವಷ್ಟು ಕಾಲವೂ ಇಂಧನದಿಂದ ಹೊಮ್ಮುವ ವೇಗದ ನ್ಯೂಟ್ರಾನುಗಳು ಈ ಉಕ್ಕಿನ ಪರಮಾಣುಗಳನ್ನು ನೆಲೆ ತಪ್ಪಿಸುತ್ತಲೇ ಇರುವುದರಿಂದ ಲೋಹದ ಒಳರಚನೆ ಕ್ರಮೇಣ ಮಾರ್ಪಟ್ಟು, ಅದು ಗಡುಸಾಗುತ್ತದೆ, ಮುರಿಯದೆ ಹಿಗ್ಗುವ ಗುಣವನ್ನು ಕಳೆದುಕೊಳ್ಳುತ್ತದೆ, ಕೆಲವು ತಾಪಗಳಲ್ಲಿ ಊದಿಕೊಳ್ಳುತ್ತದೆ, ಹೊರೆ ಹೊತ್ತಿರುವ ಕಡೆ ನಿಧಾನವಾಗಿ ಜಗ್ಗುತ್ತದೆ, ಬಿಸಿನೀರಿನ ಸಂಪರ್ಕದಲ್ಲಿ ಬಿರುಕು ಬಿಡುವ ಪ್ರವೃತ್ತಿಯನ್ನು ಬೆಳೆಸಿಕೊಳ್ಳುತ್ತದೆ. ಇವುಗಳಲ್ಲಿ ಯಾವುದು ಮೇಲುಗೈ ಪಡೆಯುತ್ತದೆ ಎಂಬುದನ್ನು ಮುಖ್ಯವಾಗಿ ನಿರ್ಧರಿಸುವುವು ಎರಡು: ಲೋಹಕ್ಕೆ ತಗುಲಿದ ನ್ಯೂಟ್ರಾನ್ ಹೊಡೆತದ ಒಟ್ಟು ಪ್ರಮಾಣ ಮತ್ತು ಆ ಅವಧಿಯಲ್ಲಿ ಲೋಹ ಇದ್ದ ತಾಪ. ಉಕ್ಕಿನ ಸಂಯೋಜನೆ, ತಯಾರಿಕೆಯ ಹಂತದಲ್ಲಿ ಅದಕ್ಕೆ ದೊರೆತ ಸಂಸ್ಕರಣ, ನ್ಯೂಟ್ರಾನುಗಳ ಶಕ್ತಿಯ ಹಂಚಿಕೆ ಮತ್ತು ಹೊಡೆತದ ದರ ಇವೂ ಫಲಿತಾಂಶವನ್ನು ಗಣನೀಯವಾಗಿ ಬದಲಿಸುತ್ತವೆ.

ಉಕ್ಕಿನ ಸ್ವರೂಪ: ಕಬ್ಬಿಣಕ್ಕೆ ಸಾಕಷ್ಟು ಕ್ರೋಮಿಯಂ ಬೆರೆತಾಗ ಮೇಲ್ಮೈಯಲ್ಲಿ ತೆಳುವಾದ, ಗಟ್ಟಿಯಾಗಿ ಅಂಟಿಕೊಂಡ ಕ್ರೋಮಿಯಂ ಆಕ್ಸೈಡ್ ಪೊರೆ ಮೂಡಿ ತುಕ್ಕನ್ನು ತಡೆಯುತ್ತದೆ, ಜೊತೆಗೆ ನಿಕಲ್ ಬೆರೆತಾಗ ಸಾಮಾನ್ಯ ತಾಪದಲ್ಲೂ ಆಸ್ಟೆನೈಟ್ ಎಂಬ ಹರಳುರಚನೆ ಉಳಿದುಕೊಳ್ಳುತ್ತದೆ. ಈ ರಚನೆಯಲ್ಲಿ ಪರಮಾಣುಗಳು ಘನಾಕೃತಿಯ ಮೂಲೆಗಳಲ್ಲಿಯೂ ಪ್ರತಿಯೊಂದು ಮುಖದ ನಡುವಿನಲ್ಲಿಯೂ ನೆಲೆಸಿರುತ್ತವೆ. ಇಂಥ ಉಕ್ಕು ಅಯಸ್ಕಾಂತಕ್ಕೆ ಅಂಟುವುದಿಲ್ಲ, ಅತಿ ಶೀತದಲ್ಲೂ ಪೆಡಸಾಗುವುದಿಲ್ಲ, ಸುಲಭವಾಗಿ ಬೆಸುಗೆಗೆ ಒಗ್ಗುತ್ತದೆ. ರಿಯಾಕ್ಟರುಗಳಲ್ಲಿ ಹೆಚ್ಚಾಗಿ ಕಾಣಸಿಗುವ 304ನೆಯ ದರ್ಜೆಯಲ್ಲಿ ಶೇ. 18ರಿಂದ 20ರಷ್ಟು ಕ್ರೋಮಿಯಂ ಮತ್ತು ಶೇ. 8ರಿಂದ 10.5ರಷ್ಟು ನಿಕಲ್ ಇರುತ್ತವೆ. 316ನೆಯ ದರ್ಜೆಯಲ್ಲಿ ಶೇ. 16ರಿಂದ 18ರಷ್ಟು ಕ್ರೋಮಿಯಂ, ಶೇ. 10ರಿಂದ 14ರಷ್ಟು ನಿಕಲ್ ಮತ್ತು ಶೇ. 2ರಿಂದ 3ರಷ್ಟು ಮಾಲಿಬ್ಡಿನಂ ಇರುತ್ತವೆ. ಟೈಟಾನಿಯಂ ಸೇರಿದ 321, ನಿಯೋಬಿಯಂ ಸೇರಿದ 347, ಇಂಗಾಲ ತಗ್ಗಿಸಿದ 304ಎಲ್ ಮತ್ತು 316ಎಲ್ ದರ್ಜೆಗಳೂ ಬಳಕೆಯಲ್ಲಿವೆ. ನೀರಿನಿಂದ ತಣಿಸುವ ರಿಯಾಕ್ಟರುಗಳಲ್ಲಿ ಇಂಧನಗರ್ಭವನ್ನು ಸುತ್ತುವರಿದ ತಗಡುಗಳು, ಆಧಾರ ಫಲಕಗಳು ಮತ್ತು ಬೋಲ್ಟುಗಳು, ಸೋಡಿಯಂನಿಂದ ತಣಿಸುವ ವೇಗದ ರಿಯಾಕ್ಟರುಗಳಲ್ಲಿ ಇಂಧನದ ಕವಚನಾಳಗಳು ಮತ್ತು ಅವುಗಳ ಕಂತೆಯನ್ನು ಹಿಡಿದಿಡುವ ಷಟ್ಕೋನಾಕಾರದ ಹೊದಿಕೆಗಳು ಈ ಉಕ್ಕುಗಳಿಂದ ಆದವು.

ಹಾನಿಯ ಮೂಲ: ನ್ಯೂಟ್ರಾನಿಗೆ ವಿದ್ಯುದಾವೇಶವಿಲ್ಲದ ಕಾರಣ ಅದು ಎಲೆಕ್ಟ್ರಾನುಗಳ ಮೋಡವನ್ನು ಅಡೆತಡೆಯಿಲ್ಲದೆ ದಾಟಿ ನೇರವಾಗಿ ನ್ಯೂಕ್ಲಿಯಸ್ಸಿಗೆ ಡಿಕ್ಕಿ ಹೊಡೆಯುತ್ತದೆ. ಉಕ್ಕಿನ ಹರಳುಜಾಲದಿಂದ ಒಂದು ಪರಮಾಣುವನ್ನು ಕಿತ್ತು ದೂರ ಸರಿಸಲು ಸುಮಾರು 40 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಸಾಕು ಎಂದು ಲೆಕ್ಕಾಚಾರಗಳಲ್ಲಿ ಅಂಗೀಕರಿಸಲಾಗಿದೆ. ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ನ್ಯೂಟ್ರಾನು ನೇರ ಡಿಕ್ಕಿಯಲ್ಲಿ ಕಬ್ಬಿಣದ ಪರಮಾಣುವಿಗೆ ಗರಿಷ್ಠ 69,000 ಎಲೆಕ್ಟ್ರಾನ್ ವೋಲ್ಟುಗಳಷ್ಟನ್ನು ವರ್ಗಾಯಿಸಬಲ್ಲುದಾದ್ದರಿಂದ, ಹೀಗೆ ಸಿಡಿದ ಮೊದಲ ಪರಮಾಣು ನೆರೆಯ ನೂರಾರು ಪರಮಾಣುಗಳನ್ನು ಸರಣಿಯಾಗಿ ಉರುಳಿಸುತ್ತದೆ. ಇದಕ್ಕೆ ಸ್ಥಾನಪಲ್ಲಟ ಸರಣಿ ಎಂದು ಹೆಸರು. ಸೆಕೆಂಡಿನ ಲಕ್ಷ ಕೋಟಿಯ ಕೆಲವು ಅಂಶಗಳಷ್ಟು ಕಾಲದಲ್ಲಿ ಈ ಕೋಲಾಹಲ ಮುಗಿದಾಗ ಬಹುಪಾಲು ಪರಮಾಣುಗಳು ಯಾವುದಾದರೊಂದು ಖಾಲಿ ನೆಲೆಯನ್ನು ಮತ್ತೆ ಸೇರಿಕೊಂಡಿರುತ್ತವೆ. ಉಳಿದವು ಎರಡು ಬಗೆಯ ದೋಷಗಳನ್ನು ಬಿಟ್ಟುಹೋಗುತ್ತವೆ. ಪರಮಾಣು ಇರಬೇಕಾದ ಕಡೆ ಇಲ್ಲದಿರುವ ನೆಲೆ ರಿಕ್ತಸ್ಥಾನ. ಇರಬಾರದ ಕಡೆ ತುರುಕಿಕೊಂಡಿರುವುದು ಅಂತರಾಳ ಪರಮಾಣು. ನ್ಯೂಟ್ರಾನುಗಳು ಘನವಸ್ತುವಿನ ಪರಮಾಣುಗಳನ್ನು ಹೀಗೆ ನೆಲೆ ತಪ್ಪಿಸಬಲ್ಲವೆಂದು ಯುಜೀನ್ ವಿಗ್ನರ್ 1940ರ ದಶಕದಲ್ಲಿಯೇ ಎಚ್ಚರಿಸಿದ್ದ.

ಹಾನಿಯ ಅಳತೆ: ಒಂದು ಚದರ ಸೆಂಟಿಮೀಟರಿನ ಮೂಲಕ ಹಾದುಹೋದ ನ್ಯೂಟ್ರಾನುಗಳ ಸಂಖ್ಯೆಯಿಂದ ಹೊಡೆತವನ್ನು ಅಳೆಯುವುದು ಹಳೆಯ ರೂಢಿ. ಆದರೆ ಬೇರೆ ಬೇರೆ ರಿಯಾಕ್ಟರುಗಳಲ್ಲಿ ನ್ಯೂಟ್ರಾನುಗಳ ಶಕ್ತಿ ಬೇರೆಯಾಗಿರುವುದರಿಂದ ಬರಿಯ ಸಂಖ್ಯೆಗಳನ್ನು ಹೋಲಿಸಿದರೆ ತಪ್ಪು ತೀರ್ಮಾನಕ್ಕೆ ಎಡೆಯಾಗುತ್ತದೆ. ಆದ್ದರಿಂದ ಪ್ರತಿಯೊಂದು ಪರಮಾಣು ಸರಾಸರಿ ಎಷ್ಟು ಸಲ ಸ್ಥಾನಪಲ್ಲಟಗೊಂಡಿತು ಎಂಬುದನ್ನು ಲೆಕ್ಕ ಹಾಕಿ ಡಿಪಿಎ ಎಂಬ ಮಾನದಲ್ಲಿ ಹೇಳುವ ಪದ್ಧತಿ ಬಂದಿದೆ. ಇದರ ಪ್ರಮಾಣಬದ್ಧ ಸೂತ್ರವನ್ನು ನಾರ್ಗೆಟ್, ರಾಬಿನ್ಸನ್ ಮತ್ತು ಟೊರೆನ್ಸ್ ಎಂಬ ಮೂವರು 1975ರಲ್ಲಿ ಮಂಡಿಸಿದರು. ನೀರು ತಣಿಸುವ ರಿಯಾಕ್ಟರುಗಳಲ್ಲಿ ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟಿಗೆ ಮೀರಿದ ಶಕ್ತಿಯ ನ್ಯೂಟ್ರಾನುಗಳು ಚದರ ಸೆಂಟಿಮೀಟರಿಗೆ ಸುಮಾರು 7 × 10²⁰ರಷ್ಟು ಹಾದುಹೋದಾಗ ಉಕ್ಕಿನಲ್ಲಿ 1 ಡಿಪಿಎ ಹಾನಿಯಾಗುತ್ತದೆ. ಇಂಧನಕ್ಕೆ ಅತಿ ಸಮೀಪದ ಭಾಗಗಳು ದಶಕಗಳ ಸೇವೆಯಲ್ಲಿ ಹಲವು ಹತ್ತು ಡಿಪಿಎಗಳನ್ನು ಕಾಣುತ್ತವೆ. ವೇಗದ ರಿಯಾಕ್ಟರಿನ ಕವಚನಾಳಗಳು ಅಷ್ಟನ್ನು ಕೆಲವೇ ವರ್ಷಗಳಲ್ಲಿ ಪಡೆಯುತ್ತವೆ.

ಸೂಕ್ಷ್ಮರಚನೆಯ ಬದಲಾವಣೆ: ಬದುಕುಳಿದ ದೋಷಗಳ ಮುಂದಿನ ಗತಿಯನ್ನು ತಾಪ ನಿರ್ಧರಿಸುತ್ತದೆ. ಅಂತರಾಳ ಪರಮಾಣುಗಳು ಕಡಿಮೆ ತಾಪದಲ್ಲೂ ಚುರುಕಾಗಿ ಚಲಿಸುತ್ತವೆ; ರಿಕ್ತಸ್ಥಾನಗಳ ಚಲನೆಗೆ ಹೆಚ್ಚಿನ ಬಿಸಿ ಬೇಕು. ಸುಮಾರು 300° ಸೆ. ತಾಪದವರೆಗೆ ದೋಷಗಳು ಪುಟ್ಟ ಗುಂಪುಗಳಾಗಿಯೂ, ಅಂತರಾಳ ಪರಮಾಣುಗಳು ಹರಳಿನ ಎರಡು ಪದರಗಳ ನಡುವೆ ಬಿಲ್ಲೆಯಂತೆ ಶೇಖರಗೊಂಡು ಉಂಟಾಗುವ ಫ್ರಾಂಕ್ ಕುಣಿಕೆಗಳಾಗಿಯೂ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಾಣುತ್ತವೆ. ತಾಪ ಏರಿದಂತೆ ಕುಣಿಕೆಗಳು ಗಾತ್ರದಲ್ಲಿ ದೊಡ್ಡದಾಗಿ ಸಂಖ್ಯೆಯಲ್ಲಿ ವಿರಳವಾಗುತ್ತವೆ. ರಿಕ್ತಸ್ಥಾನಗಳು ಒಂದುಗೂಡಿ ಪೊಳ್ಳುಗಳಾಗುತ್ತವೆ. ಮೂಲ ಉಕ್ಕಿನಲ್ಲಿ ಇಲ್ಲದಿದ್ದ ನಿಕಲ್-ಸಿಲಿಕಾನ್ ಸಂಯುಕ್ತಗಳ ಕಣಗಳು ಬೇರ್ಪಟ್ಟು ಮೂಡುತ್ತವೆ. ತಾಪ ಮತ್ತೂ ಏರಿದರೆ ದೋಷಗಳು ಹುಟ್ಟಿದಷ್ಟೇ ಬೇಗ ಅಳಿದು, ವಿಕಿರಣದ ಗುರುತಾಗಿ ಮುಖ್ಯವಾಗಿ ನ್ಯೂಕ್ಲಿಯಸ್ಸುಗಳು ಒಡೆದು ಹುಟ್ಟಿದ ಹೀಲಿಯಂ ಅನಿಲದ ಗುಳ್ಳೆಗಳು ಉಳಿಯುತ್ತವೆ.

ಗಡಸುತನ ಮತ್ತು ತನ್ಯತೆಯ ನಷ್ಟ: ಲೋಹ ಬಾಗುವುದು, ಹಿಗ್ಗುವುದು ಅದರ ಹರಳಿನೊಳಗಿನ ರೇಖಾದೋಷಗಳು, ಎಂದರೆ ಡಿಸ್ಲೊಕೇಷನ್‌ಗಳು, ಪದರಗಳ ಮೇಲೆ ಜಾರುವುದರಿಂದ. ವಿಕಿರಣದಿಂದ ಹುಟ್ಟಿದ ಕುಣಿಕೆಗಳು ಮತ್ತು ಗುಂಪುಗಳು ಈ ಜಾರುವಿಕೆಗೆ ಅಡ್ಡಗಟ್ಟುವ ಕಾರಣ ಲೋಹವನ್ನು ಶಾಶ್ವತವಾಗಿ ವಿರೂಪಗೊಳಿಸಲು ಬೇಕಾದ ಪ್ರತಿಬಲ, ಎಂದರೆ ಯೀಲ್ಡ್ ಬಲ, ಏರುತ್ತದೆ. ಕಾಯಿಸಿ ಮೃದುಗೊಳಿಸಿದ 304 ಅಥವಾ 316 ಉಕ್ಕಿನಲ್ಲಿ 200 ಮೆಗಾಪ್ಯಾಸ್ಕಲಿನ ಆಸುಪಾಸಿನಲ್ಲಿದ್ದ ಈ ಬಲ, 300° ಸೆ. ಸುತ್ತಿನ ತಾಪದಲ್ಲಿ ಕೆಲವು ಡಿಪಿಎಗಳ ಹೊಡೆತ ತಗುಲಿದ ಮೇಲೆ 700ರಿಂದ 900 ಮೆಗಾಪ್ಯಾಸ್ಕಲಿಗೆ ಮುಟ್ಟುತ್ತದೆ. ಸುಮಾರು 10 ಡಿಪಿಎ ಹೊತ್ತಿಗೆ ಏರಿಕೆ ಬಹುಮಟ್ಟಿಗೆ ನಿಲ್ಲುತ್ತದೆ. ಬಲ ಹೆಚ್ಚಿದ್ದು ಲಾಭದಂತೆ ಕಂಡರೂ ಅದರ ಬೆಲೆ ದೊಡ್ಡದು. ಮೊದಲು ಎಳೆದಾಗ ಎಲ್ಲೆಡೆಯೂ ಸಮನಾಗಿ ಹಲವು ಹತ್ತು ಶೇಕಡಾವಾರು ಹಿಗ್ಗುತ್ತಿದ್ದ ಉಕ್ಕು ಈಗ ಶೇ. 1ಕ್ಕಿಂತ ಕಡಿಮೆ ಹಿಗ್ಗಿ ಒಂದೆಡೆ ಕತ್ತರಿಸಿಕೊಳ್ಳತೊಡಗುತ್ತದೆ. ಮೊದಲು ಜಾರಿದ ಡಿಸ್ಲೊಕೇಷನ್‌ಗಳು ದಾರಿಯ ಕುಣಿಕೆಗಳನ್ನು ಅಳಿಸಿ ತೆಳುವಾದ ಕಾಲುವೆಗಳನ್ನು ತೆರವು ಮಾಡುತ್ತವೆ. ಮುಂದಿನ ವಿರೂಪವೆಲ್ಲ ಆ ಕಾಲುವೆಗಳಲ್ಲೇ ಕೇಂದ್ರೀಕರಿಸುವುದು ಇದಕ್ಕೆ ಕಾರಣ. ಬಿರುಕು ಹರಡದಂತೆ ತಡೆಯುವ ಗುಣವೂ ಹಲವು ಪಟ್ಟು ಕುಗ್ಗುತ್ತದೆ. ಆದರೆ ರಿಯಾಕ್ಟರ್ ಒತ್ತಡಪಾತ್ರೆಗಳ ಸಾಮಾನ್ಯ ಉಕ್ಕುಗಳಂತೆ ಒಂದು ನಿರ್ದಿಷ್ಟ ತಾಪದ ಕೆಳಗೆ ಥಟ್ಟನೆ ಗಾಜಿನ ಗುಣ ತಾಳುವ ಸ್ವಭಾವ ಆಸ್ಟೆನಿಟಿಕ್ ಉಕ್ಕಿಗೆ ಇಲ್ಲ. ಅದರ ಅವನತಿ ಕ್ರಮಕ್ರಮವಾದುದು.

ಪೊಳ್ಳುಗಳಿಂದ ಊತ: ಬ್ರಿಟನ್ನಿನ ಕಾಥಾರ್ನ್ ಮತ್ತು ಫುಲ್ಟನ್ ಸ್ಕಾಟ್ಲೆಂಡಿನ ಡೂನ್‌ರೇ ವೇಗದ ರಿಯಾಕ್ಟರಿನಲ್ಲಿದ್ದ ತುಕ್ಕುರಹಿತ ಉಕ್ಕನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಅದರ ತುಂಬ ಅತಿ ಸಣ್ಣ ಪೊಳ್ಳುಗಳಿರುವುದನ್ನು 1967ರಲ್ಲಿ ಪ್ರಕಟಿಸಿದರು. ಲೋಹದ ಸಾಂದ್ರತೆ ಕುಗ್ಗಿ ಗಾತ್ರವೇ ಹಿಗ್ಗುತ್ತದೆಂಬ ಈ ಶೋಧ ಜಗತ್ತಿನ ವೇಗದ ರಿಯಾಕ್ಟರ್ ಯೋಜನೆಗಳೆಲ್ಲವೂ ತಮ್ಮ ವಿನ್ಯಾಸಗಳನ್ನು ಮರುಪರಿಶೀಲಿಸುವಂತೆ ಮಾಡಿತು. ಡಿಸ್ಲೊಕೇಷನ್‌ಗಳು ರಿಕ್ತಸ್ಥಾನಗಳಿಗಿಂತ ಅಂತರಾಳ ಪರಮಾಣುಗಳನ್ನು ಸ್ವಲ್ಪ ಹೆಚ್ಚು ಬಲವಾಗಿ ಸೆಳೆದುಕೊಳ್ಳುವುದರಿಂದ ರಿಕ್ತಸ್ಥಾನಗಳು ಮಿಕ್ಕು ಒಟ್ಟುಗೂಡುತ್ತವೆ. ಹೀಲಿಯಂ ಅನಿಲದ ಕೆಲವೇ ಪರಮಾಣುಗಳು ಈ ಗೂಡುಗಳಿಗೆ ಬೀಜವಾಗುತ್ತವೆ. ವೇಗದ ರಿಯಾಕ್ಟರುಗಳಲ್ಲಿ ಇದು ಸುಮಾರು 400°ರಿಂದ 650° ಸೆ. ವರೆಗಿನ ತಾಪದಲ್ಲಿ ಪ್ರಬಲ: ಅದಕ್ಕಿಂತ ಕಡಿಮೆಯಾದರೆ ರಿಕ್ತಸ್ಥಾನಗಳು ಚಲಿಸಲಾರವು, ಹೆಚ್ಚಾದರೆ ಪೊಳ್ಳುಗಳು ಆವಿಯಾಗಿ ಕರಗುತ್ತವೆ.

ಊತದ ಪ್ರಗತಿಯಲ್ಲಿ ಎರಡು ಹಂತಗಳಿವೆ. ಮೊದಲನೆಯದು ಬಹುತೇಕ ಏನೂ ಕಾಣದ ಪೂರ್ವಾವಧಿ. ಎರಡನೆಯದು ಒಂದು ಡಿಪಿಎಗೆ ಸುಮಾರು ಶೇ. 1ರಂತೆ ಗಾತ್ರ ಏರುವ ಸ್ಥಿರ ಹಂತ. ಸಂಯೋಜನೆಯೂ ಸಂಸ್ಕರಣವೂ ಸ್ಥಿರ ಹಂತದ ದರವನ್ನು ಅಷ್ಟಾಗಿ ಬದಲಿಸಲಾರವು, ಪೂರ್ವಾವಧಿಯನ್ನು ಮಾತ್ರ ಹಿಗ್ಗಿಸಬಲ್ಲವು ಎಂಬುದು ದೀರ್ಘಕಾಲದ ಪ್ರಯೋಗಗಳಿಂದ ತಿಳಿದುಬಂದಿದೆ. ಆದ್ದರಿಂದ ಊತ ನಿರೋಧಕ ಉಕ್ಕನ್ನು ರೂಪಿಸುವುದೆಂದರೆ ಪೂರ್ವಾವಧಿಯನ್ನು ಘಟಕದ ಆಯುಷ್ಯಕ್ಕಿಂತ ಉದ್ದಗೊಳಿಸುವುದು ಎಂದೇ ಅರ್ಥ. ಹೊಡೆತದ ದರ ತಗ್ಗಿದಷ್ಟೂ ಪೂರ್ವಾವಧಿ ಮೊಟಕಾಗುವುದರಿಂದ, ಚುರುಕಾದ ಪರೀಕ್ಷಾ ರಿಯಾಕ್ಟರಿನ ಅಂಕಿಗಳನ್ನು ನಿಧಾನದ ವಿದ್ಯುತ್ ರಿಯಾಕ್ಟರಿಗೆ ನೇರವಾಗಿ ಅನ್ವಯಿಸಿದರೆ ಅಪಾಯವನ್ನು ಕಡಿಮೆ ಅಂದಾಜು ಮಾಡಿದಂತಾಗುತ್ತದೆ. ತಾಪವೂ ಹೊಡೆತವೂ ಎಲ್ಲೆಡೆ ಸಮನಾಗಿಲ್ಲದ ಕಾರಣ ಒಂದೇ ಹೊದಿಕೆಯ ಒಂದು ಪಕ್ಕ ಇನ್ನೊಂದಕ್ಕಿಂತ ಹೆಚ್ಚು ಊದಿ, ಇಡೀ ನಾಳ ಬಾಗಿ, ಇಂಧನವನ್ನು ಹೊರತೆಗೆಯುವುದೇ ಕಷ್ಟವಾಗುತ್ತದೆ. ಊತ ಶೇ. 10ನ್ನು ದಾಟಿದಾಗ ಉಕ್ಕು ಅತಿಯಾಗಿ ಪೆಡಸಾಗುತ್ತದೆ: ನಿಕಲ್ ಪೊಳ್ಳುಗಳ ಮೇಲ್ಮೈಗೆ ವಲಸೆ ಹೋಗಿ, ಅದನ್ನು ಕಳೆದುಕೊಂಡ ಉಳಿದ ಭಾಗ ಎಳೆತಕ್ಕೆ ಸಿಕ್ಕಾಗ ಮಾರ್ಟೆನ್ಸೈಟ್ ಎಂಬ ಬೇರೆಯೇ ರಚನೆಗೆ ತಿರುಗುವುದು ಇದರ ಒಂದು ಕಾರಣ. ನೀರಿನ ರಿಯಾಕ್ಟರುಗಳಲ್ಲಿ ತಾಪ ಕಡಿಮೆಯಾದ್ದರಿಂದ ಊತ ಅಲ್ಪ. ಗಾಮಾ ಕಿರಣಗಳ ಕಾವಿನಿಂದ ಒಳಭಾಗ ಹೆಚ್ಚು ಬಿಸಿಯಾಗುವ ದಪ್ಪನೆಯ ಭಾಗಗಳಲ್ಲಿ ಮಾತ್ರ ಅದರತ್ತ ಗಮನ ಕೊಡಬೇಕಾಗುತ್ತದೆ.

ವಿಕಿರಣ ಸರಿತ: ಹೊರೆ ಹೊತ್ತ ಲೋಹ ದೀರ್ಘಕಾಲದಲ್ಲಿ ನಿಧಾನವಾಗಿ ವಿರೂಪಗೊಳ್ಳುವುದನ್ನು ಸರಿತ ಎನ್ನಬಹುದು. ವಿಕಿರಣವಿಲ್ಲದಾಗ ಇದು ಉಕ್ಕಿನಲ್ಲಿ ಗಮನಾರ್ಹವಾಗಲು 500° ಸೆ. ಮೀರಿದ ತಾಪ ಬೇಕು. ನ್ಯೂಟ್ರಾನುಗಳು ಹೊಸ ದೋಷಗಳನ್ನು ಒದಗಿಸುತ್ತಿರುವಾಗ 300° ಸೆ. ತಾಪದಲ್ಲೂ ಅದು ನಡೆಯುತ್ತದೆ. ಇದರ ಪ್ರಮಾಣ ಪ್ರತಿಬಲಕ್ಕೂ ಡಿಪಿಎಗೂ ನೇರ ಅನುಪಾತದಲ್ಲಿದ್ದು, ತಾಪವನ್ನು ಅವಲಂಬಿಸುವುದು ಕಡಿಮೆ: ಒಂದು ಮೆಗಾಪ್ಯಾಸ್ಕಲ್ ಪ್ರತಿಬಲದಡಿ ಪ್ರತಿ ಡಿಪಿಎಗೆ ಹತ್ತು ಲಕ್ಷದಲ್ಲಿ ಸುಮಾರು ಒಂದು ಪಾಲಿನಷ್ಟು ವಿರೂಪ. ಊತ ಆರಂಭವಾದ ಮೇಲೆ ಅದರ ದರಕ್ಕೆ ತಕ್ಕಂತೆ ಸರಿತವೂ ಹೆಚ್ಚುತ್ತದೆ. ಬಿಗಿಯಾಗಿ ತಿರುಗಿಸಿದ ಬೋಲ್ಟುಗಳೂ ಸ್ಪ್ರಿಂಗುಗಳೂ ಇದರಿಂದ ಸಡಿಲಗೊಳ್ಳುತ್ತವೆ. ಆದರೆ ಅಸಮವಾದ ಊತದಿಂದ ಒಳಗೆ ಹುಟ್ಟುವ ಬಿಗಿತವನ್ನು ಇದೇ ಸರಿತ ಇಳಿಸುವುದರಿಂದ ಅದು ಅನೇಕ ಸಲ ಮುರಿತವನ್ನೂ ತಪ್ಪಿಸುತ್ತದೆ.

ಹೀಲಿಯಂ: ನ್ಯೂಟ್ರಾನುಗಳನ್ನು ಹೀರಿಕೊಂಡ ಕೆಲವು ನ್ಯೂಕ್ಲಿಯಸ್ಸುಗಳು ಒಡೆದು ಹೀಲಿಯಂ ಅನಿಲವನ್ನು ಬಿಡುಗಡೆ ಮಾಡುತ್ತವೆ. ಉಕ್ಕಿನಲ್ಲಿ ಅಲ್ಪ ಕಶ್ಮಲವಾಗಿ ಉಳಿಯುವ ಬೋರಾನ್-10 ಸಮಸ್ಥಾನಿ ಇದರಲ್ಲಿ ಮೊದಲು ಖರ್ಚಾಗುತ್ತದೆ. ಹೆಚ್ಚು ಕಾಲ ನಡೆಯುವುದು ನಿಕಲಿನ ಎರಡು ಹಂತಗಳ ಕ್ರಿಯೆ: ಸ್ವಾಭಾವಿಕ ನಿಕಲಿನಲ್ಲಿ ಶೇ. 68ರಷ್ಟಿರುವ ನಿಕಲ್-58 ಒಂದು ನ್ಯೂಟ್ರಾನನ್ನು ಹೀರಿ ನಿಕಲ್-59 ಆಗುತ್ತದೆ. ಅದು ಮತ್ತೊಂದನ್ನು ಹೀರಿ ಕಬ್ಬಿಣ-56 ಮತ್ತು ಹೀಲಿಯಂ ಆಗಿ ಒಡೆಯುತ್ತದೆ. ಮಂದ ನ್ಯೂಟ್ರಾನುಗಳು ಹೇರಳವಾಗಿರುವ ನೀರಿನ ರಿಯಾಕ್ಟರುಗಳಲ್ಲಿ ಈ ಕ್ರಿಯೆಯಿಂದಾಗಿ ಹೀಲಿಯಂ ಸಂಗ್ರಹ ವೇಗದ ರಿಯಾಕ್ಟರುಗಳಿಗಿಂತ ಬಹಳ ಹೆಚ್ಚು. ಸುಮಾರು 550° ಸೆ. ಮೀರಿದ ತಾಪದಲ್ಲಿ ಹೀಲಿಯಂ ಹರಳುಕಣಗಳು ಒಂದನ್ನೊಂದು ಸಂಧಿಸುವ ಎಲ್ಲೆಗಳಲ್ಲಿ ಗುಳ್ಳೆಗಟ್ಟಿ, ಹೊರೆ ಬಿದ್ದಾಗ ಆ ಎಲ್ಲೆಗಳನ್ನೇ ಸೀಳಿಸುತ್ತದೆ. ಕಾಯಿಸಿದರೂ ಈ ಹಾನಿ ಮಾಯುವುದಿಲ್ಲ. ಹತ್ತು ಲಕ್ಷ ಪರಮಾಣುಗಳಿಗೆ ಒಂದರ ಆಸುಪಾಸಿನಷ್ಟು ಹೀಲಿಯಂ ಇದ್ದರೂ ಸಾಮಾನ್ಯ ವಿಧಾನದ ಬೆಸುಗೆಯಲ್ಲಿ ಬಿರುಕುಗಳೇಳುವುದರಿಂದ ಹಳೆಯ ರಿಯಾಕ್ಟರುಗಳ ಒಳಭಾಗಗಳನ್ನು ಬೆಸೆದು ದುರಸ್ತಿ ಮಾಡುವುದು ತೀರ ಕಷ್ಟದ ಕೆಲಸ.

ಧಾತುಗಳ ಬೇರ್ಪಡಿಕೆ ಮತ್ತು ಬಿರುಕು: ರಿಕ್ತಸ್ಥಾನಗಳು ಹರಳುಕಣಗಳ ಎಲ್ಲೆಯತ್ತ ಹರಿಯುವಾಗ ಪರಮಾಣುಗಳು ಎದುರು ದಿಕ್ಕಿನಲ್ಲಿ ಸರಿಯುತ್ತವೆ, ಅವುಗಳಲ್ಲಿ ಚುರುಕಾಗಿ ಸರಿಯುವ ಕ್ರೋಮಿಯಂ ಎಲ್ಲೆಯನ್ನು ತೊರೆಯುತ್ತದೆ, ನಿಧಾನದ ನಿಕಲ್ ಅಲ್ಲಿ ಹೆಚ್ಚುತ್ತದೆ, ಸಿಲಿಕಾನ್ ಮತ್ತು ರಂಜಕಗಳೂ ಬಂದು ಸೇರುತ್ತವೆ. ಈ ಬದಲಾವಣೆ ಕೆಲವೇ ನ್ಯಾನೋಮೀಟರ್ ಅಗಲದ ಪಟ್ಟಿಗೆ ಸೀಮಿತವಾದರೂ, ರಕ್ಷಕ ಪೊರೆಗೆ ಬೇಕಾದ ಕ್ರೋಮಿಯಂ ಅಲ್ಲಿಯೇ ಕೊರತೆಯಾಗುತ್ತದೆ. ಗಡುಸಾದ ಉಕ್ಕು, ಕ್ರೋಮಿಯಂ ಬಡವಾದ ಎಲ್ಲೆ, ವಿಕಿರಣದಿಂದ ಒಡೆದು ಆಕ್ಸಿಡೀಕಾರಕ ವಸ್ತುಗಳನ್ನು ಪಡೆದ ಬಿಸಿನೀರು ಮತ್ತು ಎಳೆತದ ಪ್ರತಿಬಲ ಒಂದುಗೂಡಿದಾಗ ಹರಳುಕಣಗಳ ನಡುವೆಯೇ ಬಿರುಕು ಹರಿಯುತ್ತದೆ. ಇದನ್ನು ವಿಕಿರಣ ಸಹಾಯಕ ಪ್ರತಿಬಲ ಸಂಕ್ಷಾರಣ ಬಿರುಕು ಎನ್ನುತ್ತಾರೆ. ಕುದಿನೀರಿನ ರಿಯಾಕ್ಟರುಗಳಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 5 × 10²⁰ ನ್ಯೂಟ್ರಾನುಗಳಾದ ಮೇಲೆ ಇದು ತಲೆದೋರುತ್ತದೆ. ನೀರಿನಲ್ಲಿ ಜಲಜನಕ ಕರಗಿಸಿರುವ ಒತ್ತಡನೀರಿನ ರಿಯಾಕ್ಟರುಗಳಲ್ಲಿ ಆ ಮಿತಿ ಇನ್ನೂ ಹಲವು ಪಟ್ಟು ಮೇಲಿದೆ. ಇಂಧನಗರ್ಭದ ಸುತ್ತಲಿನ ತಗಡುಗಳನ್ನು ಬಿಗಿದಿಡುವ ಬೋಲ್ಟುಗಳು ಫ್ರಾನ್ಸಿನಲ್ಲಿ 1980ರ ದಶಕದ ಕೊನೆಯಲ್ಲಿ ಸೀಳಿದ್ದು ಕಂಡುಬಂತು. ಅಮೆರಿಕದ ಇಂಡಿಯನ್ ಪಾಯಿಂಟ್ ಸ್ಥಾವರದ 2ನೆಯ ಘಟಕದಲ್ಲಿ 2016ರ ತಪಾಸಣೆಯಲ್ಲಿ ಇಂಥ 832 ಬೋಲ್ಟುಗಳ ಪೈಕಿ 200ಕ್ಕೂ ಹೆಚ್ಚು ದೋಷಯುಕ್ತವೆಂದು ಗೊತ್ತಾಯಿತು.

ಭೌತಿಕ ಗುಣಗಳು ಮತ್ತು ವಿಕಿರಣಪಟುತ್ವ: ಪೊಳ್ಳುಗಳು ಹೆಚ್ಚಿದಂತೆ ಉಕ್ಕಿನ ಸಾಂದ್ರತೆ, ಉಷ್ಣವಾಹಕತೆ ಮತ್ತು ಸ್ಥಿತಿಸ್ಥಾಪಕತೆಯ ಗುಣಾಂಕ ಇಳಿಯುತ್ತವೆ, ಶೇ. 1ರಷ್ಟು ಊತಕ್ಕೆ ಈ ಗುಣಾಂಕ ಸುಮಾರು ಶೇ. 2ರಷ್ಟು ತಗ್ಗುತ್ತದೆ. ನಿಕಲ್ ಕಳೆದುಕೊಂಡ ಭಾಗಗಳು ಅಯಸ್ಕಾಂತ ಗುಣವನ್ನು ತೋರಬಹುದು. ಉಕ್ಕಿನಲ್ಲಿ ಕಶ್ಮಲವಾಗಿರುವ ಕೋಬಾಲ್ಟ್ ನ್ಯೂಟ್ರಾನ್ ಹೀರಿ 5.27 ವರ್ಷ ಅರ್ಧಾಯುವಿನ ಕೋಬಾಲ್ಟ್-60 ಆಗಿ ತೀಕ್ಷ್ಣ ಗಾಮಾ ಕಿರಣಗಳನ್ನು ಸೂಸುತ್ತದೆ. ಸ್ಥಾವರಗಳಲ್ಲಿ ಕೆಲಸಗಾರರಿಗೆ ತಗಲುವ ವಿಕಿರಣದ ಬಹುಭಾಗ ಇದರಿಂದಲೇ ಬರುವುದರಿಂದ ಪರಮಾಣು ದರ್ಜೆಯ ಉಕ್ಕಿನಲ್ಲಿ ಕೋಬಾಲ್ಟಿಗೆ ಕಟ್ಟುನಿಟ್ಟಿನ ಮಿತಿ ಇದೆ.

ಭಾರತದ ಅನುಭವ: ರಾಜಸ್ಥಾನದ ರಾವತಭಾಟದ ಮೊದಲ ಘಟಕದಲ್ಲಿ ರಿಯಾಕ್ಟರಿನ ತುದಿಗಳನ್ನು ಮುಚ್ಚುವ ಅಂತ್ಯಕವಚವನ್ನು ಶೇ. 3.5ರಷ್ಟು ನಿಕಲ್ ಇರುವ ಸಾಮಾನ್ಯ ಉಕ್ಕಿನಿಂದ ಮಾಡಲಾಗಿತ್ತು. ನ್ಯೂಟ್ರಾನುಗಳಿಂದ ಪೆಡಸಾಗುವ ಈ ಉಕ್ಕಿನಲ್ಲಿ ಬಿರುಕು ಬಂದು 1981ರಲ್ಲಿ ಸೋರಿಕೆ ಕಾಣಿಸಿಕೊಂಡಿತು. ಮುಂದಿನ ಘಟಕಗಳಲ್ಲಿ ಆ ಭಾಗಕ್ಕೆ 304ಎಲ್ ಉಕ್ಕನ್ನು ಆರಿಸಲಾಯಿತು. ಉತ್ತರ ಕನ್ನಡ ಜಿಲ್ಲೆಯ ಕೈಗಾ ಸ್ಥಾವರದ ನಾಲ್ಕೂ ಘಟಕಗಳಲ್ಲಿ ಭಾರಜಲವನ್ನು ಹಿಡಿದಿಡುವ ದೊಡ್ಡ ಪಾತ್ರೆಯಾದ ಕ್ಯಾಲಾಂಡ್ರಿಯಾ ಈ ದರ್ಜೆಯ ಉಕ್ಕಿನದೇ. ಅಲ್ಲಿನ ಭಾರಜಲದ ತಾಪ ಕುದಿಬಿಂದುವಿಗಿಂತ ಸಾಕಷ್ಟು ಕೆಳಗಿರುವುದರಿಂದ ಊತದ ಪ್ರಶ್ನೆ ಏಳುವುದಿಲ್ಲ. ತಮಿಳುನಾಡಿನ ಕಲ್ಪಾಕ್ಕಂನಲ್ಲಿ 1985ರ ಅಕ್ಟೋಬರ್ 18ರಂದು ಮೊದಲ ಸಲ ಸರಣಿಕ್ರಿಯೆ ಸಾಧಿಸಿದ ಪರೀಕ್ಷಾ ವೇಗದ ರಿಯಾಕ್ಟರಿನಲ್ಲಿ ತಣ್ಣಗಿರುವಾಗಲೇ ಎಳೆದು ಗಡುಸುಗೊಳಿಸಿದ 316ನೆಯ ದರ್ಜೆಯ ಕವಚನಾಳಗಳಿವೆ. ಅಲ್ಲಿಯೇ ನಿರ್ಮಿಸಿದ 500 ಮೆಗಾವಾಟ್ ಸಾಮರ್ಥ್ಯದ ಮೂಲಮಾದರಿ ವೇಗದ ರಿಯಾಕ್ಟರಿಗೆ ಡಿ-9 ಎಂಬ, ಶೇ. 15ರಷ್ಟು ಕ್ರೋಮಿಯಂ, ಅಷ್ಟೇ ನಿಕಲ್ ಮತ್ತು ಅಲ್ಪ ಟೈಟಾನಿಯಂ ಇರುವ ಉಕ್ಕನ್ನು ಬಳಸಲಾಗಿದೆ. ರಂಜಕ ಮತ್ತು ಸಿಲಿಕಾನ್ ಪ್ರಮಾಣವನ್ನು ಹದಗೊಳಿಸಿದ ಅದರ ಸುಧಾರಿತ ರೂಪವನ್ನು ಇಂದಿರಾ ಗಾಂಧಿ ಪರಮಾಣು ಸಂಶೋಧನ ಕೇಂದ್ರ ಅಭಿವೃದ್ಧಿಪಡಿಸಿದೆ.

ತಡೆಯುವ ಕ್ರಮಗಳು: ಊತವನ್ನು ಮುಂದೂಡಲು ಉಕ್ಕನ್ನು ಬಿಸಿಮಾಡದೆ ಶೇ. 20ರಷ್ಟು ಎಳೆದು ಡಿಸ್ಲೊಕೇಷನ್‌ಗಳನ್ನು ತುಂಬುವುದು, ನಿಕಲ್ ಹೆಚ್ಚಿಸಿ ಕ್ರೋಮಿಯಂ ತಗ್ಗಿಸುವುದು, ಟೈಟಾನಿಯಂ ಕಾರ್ಬೈಡಿನ ಅತಿ ಸಣ್ಣ ಕಣಗಳನ್ನು ಮೂಡಿಸಿ ಹೀಲಿಯಂ ಅನ್ನು ಅಲ್ಲಲ್ಲೇ ಹಿಡಿದಿಡುವುದು ಪರಿಣಾಮಕಾರಿ ಉಪಾಯಗಳು. ಫ್ರಾನ್ಸಿನ ಫೀನಿಕ್ಸ್ ರಿಯಾಕ್ಟರಿನಲ್ಲಿ ಪರೀಕ್ಷಿತವಾದ 15-15 ಟೈಟಾನಿಯಂ ಉಕ್ಕು ಈ ದಾರಿಯದೇ ಫಲ. ಬಿರುಕನ್ನು ತಡೆಯಲು ಇಂಗಾಲ ಕಡಿಮೆಯಿರುವ ದರ್ಜೆಗಳನ್ನು ಬಳಸುವುದು, ನೀರಿಗೆ ಜಲಜನಕ ಸೇರಿಸಿ ಆಕ್ಸಿಡೀಕಾರಕಗಳನ್ನು ಅಡಗಿಸುವುದು, ಬೋಲ್ಟುಗಳ ವಿನ್ಯಾಸದಲ್ಲಿ ಪ್ರತಿಬಲ ಒಂದೆಡೆ ಶೇಖರವಾಗದಂತೆ ನೋಡಿಕೊಳ್ಳುವುದು ಮತ್ತು ಕಾಲಕಾಲಕ್ಕೆ ಶ್ರವಣಾತೀತ ತರಂಗಗಳಿಂದ ತಪಾಸಣೆ ಮಾಡುವುದು ರೂಢಿಯಲ್ಲಿವೆ. ನೂರು ಡಿಪಿಎಗಳನ್ನು ಗಣನೀಯವಾಗಿ ಮೀರಬೇಕಾದ ಕಡೆಗೆ, ಪರಮಾಣುವೊಂದು ಘನದ ನಡುವೆ ಕೂತಿರುವ ರಚನೆಯುಳ್ಳ ಫೆರಿಟಿಕ್-ಮಾರ್ಟೆನ್ಸಿಟಿಕ್ ಉಕ್ಕುಗಳನ್ನು ಆರಿಸಲಾಗುತ್ತದೆ. ಅವು ಬಹಳ ಕಡಿಮೆ ಊದುತ್ತವೆ, ಆದರೆ 600° ಸೆ. ಸಮೀಪಿಸಿದಾಗ ಅವುಗಳ ಬಲ ಕುಸಿಯುತ್ತದೆ.

ಅಧ್ಯಯನ ವಿಧಾನ: ಮಾದರಿಗಳನ್ನು ರಿಯಾಕ್ಟರಿನಲ್ಲಿ ವರ್ಷಗಟ್ಟಲೆ ಇಟ್ಟು, ಆಮೇಲೆ ದಪ್ಪ ಸೀಸದ ಗಾಜಿನ ಹಿಂದೆ ಯಂತ್ರಕೈಗಳಿಂದ ಅವುಗಳನ್ನು ಕೊಯ್ದು, ಎಳೆದು, ತೂಗಿ ನೋಡುವುದು ಮೂಲ ವಿಧಾನ. ಅಮೆರಿಕದ ಇ.ಬಿ.ಆರ್.-2 ಮತ್ತು ಎಫ್.ಎಫ್.ಟಿ.ಎಫ್., ರಷ್ಯದ ಬಿ.ಓ.ಆರ್.-60 ರಿಯಾಕ್ಟರುಗಳಿಂದ ಈ ಕ್ಷೇತ್ರದ ಮಾಹಿತಿಯ ದೊಡ್ಡ ಪಾಲು ಬಂದಿದೆ. ವೇಗವರ್ಧಕಗಳಿಂದ ಹೊಮ್ಮಿಸಿದ ಅಯಾನುಗಳು ರಿಯಾಕ್ಟರಿನ ವರ್ಷಗಳ ಹಾನಿಯನ್ನು ಗಂಟೆಗಳಲ್ಲಿ ಉಂಟುಮಾಡಬಲ್ಲವಾದರೂ, ದರ ಅಷ್ಟು ಬೇರೆಯಾದಾಗ ದೋಷಗಳ ವರ್ತನೆಯೂ ಬೇರೆಯಾಗುವುದರಿಂದ ಅಂಥ ಫಲಿತಾಂಶಗಳನ್ನು ಮಿಶ್ರಲೋಹಗಳನ್ನು ಒಂದರೊಡನೊಂದು ಹೋಲಿಸಲು ಮಾತ್ರ ನಂಬಬಹುದು.

ಸಮ್ಮಿಲನ ರಿಯಾಕ್ಟರುಗಳು: ಡ್ಯೂಟೀರಿಯಂ ಮತ್ತು ಟ್ರಿಟಿಯಂಗಳ ಸಮ್ಮಿಲನದಿಂದ ಬರುವ ನ್ಯೂಟ್ರಾನುಗಳ ಶಕ್ತಿ 141 ಲಕ್ಷ ಎಲೆಕ್ಟ್ರಾನ್ ವೋಲ್ಟ್. ಅಷ್ಟು ಶಕ್ತಿಯಲ್ಲಿ ಕಬ್ಬಿಣ, ಕ್ರೋಮಿಯಂಗಳೂ ಹೀಲಿಯಂ ಕೊಡುವುದರಿಂದ ಅನಿಲದ ಸಮಸ್ಯೆ ಬಿಗಡಾಯಿಸುತ್ತದೆ. ಫ್ರಾನ್ಸಿನಲ್ಲಿ ನಿರ್ಮಾಣವಾಗುತ್ತಿರುವ ಐಟರ್ ಯಂತ್ರದಲ್ಲಿ ಹಾನಿ ಕೆಲವೇ ಡಿಪಿಎಗಳಿಗೆ ಸೀಮಿತವಾದ್ದರಿಂದ ಸಾರಜನಕ ಹದಗೊಳಿಸಿದ 316ಎಲ್ ಉಕ್ಕು ಸಾಕೆನಿಸಿದೆ. ಅದರ ಮುಂದಿನ ವಿದ್ಯುದುತ್ಪಾದಕ ಯಂತ್ರಗಳಿಗೆ ವಿಕಿರಣಪಟುತ್ವ ಬೇಗ ಇಳಿಯುವಂತೆ ಧಾತುಗಳನ್ನು ಆರಿಸಿ ರೂಪಿಸಿದ ಫೆರಿಟಿಕ್-ಮಾರ್ಟೆನ್ಸಿಟಿಕ್ ಉಕ್ಕುಗಳೇ ಆಯ್ಕೆಯಾಗಿವೆ.

ಹೀಗೆ ಆಸ್ಟೆನಿಟಿಕ್ ಉಕ್ಕಿಗೆ ಅದರ ಒಳ್ಳೆಯ ಗುಣಗಳನ್ನು ಕೊಟ್ಟ ನಿಕಲೇ ರಿಯಾಕ್ಟರಿನಲ್ಲಿ ಹೀಲಿಯಂನ ಮೂಲವಾಗುತ್ತದೆ, ಅದನ್ನು ತನ್ಯವಾಗಿಸಿದ ಹರಳುರಚನೆಯೇ ಊತಕ್ಕೆ ಆಸ್ಪದ ಕೊಡುತ್ತದೆ. 300° ಸೆ. ಸುತ್ತಿನ ನೀರಿನ ರಿಯಾಕ್ಟರುಗಳಲ್ಲಿ ಬಿರುಕು ಮತ್ತು ಪೆಡಸುತನ, ಅದಕ್ಕಿಂತ ಬಿಸಿಯಾದ ವೇಗದ ರಿಯಾಕ್ಟರುಗಳಲ್ಲಿ ಊತ ಮತ್ತು ಹೀಲಿಯಂ ಈ ಉಕ್ಕಿನ ಆಯುಷ್ಯದ ಮಿತಿಯನ್ನು ಹಾಕುತ್ತವೆ. ಈ ಮಿತಿಗಳೊಳಗೆ ಬಳಸುವ ತನಕ ಇಷ್ಟು ಅಗ್ಗವಾಗಿ, ಇಷ್ಟು ಸುಲಭವಾಗಿ ಬೆಸೆಯಬಹುದಾದ ಬದಲಿ ಲೋಹ ರಿಯಾಕ್ಟರ್ ನಿರ್ಮಾಪಕರಿಗೆ ಇನ್ನೂ ದೊರೆತಿಲ್ಲ.